ಸೊನ್ನೆ, ಬ್ರ್ಯಾಕೆಟ್ಟಿನಲ್ಲಿ ಒಂದು

ಜನವರಿ 9, 2007, ಮಂಗಳವಾರ
ತಿರುವನಂತಪುರ, ಕೆಫೆ, ಮಧ್ಯಾಹ್ನ

ಹಳೇ ಫುಟ್‌ಬಾಲ್ ಲೀಗಿನ ಲೆಕ್ಕದಲ್ಲಿ ಹದಿನಾಲ್ಕನೇ ರೌಂಡ್ ಮುಗಿಯಿತು. ಎರಡು ಯೆಲ್ಲೋ ಕಾರ್ಡ್ ತಪ್ಪು ಹೆಸರಿನಲ್ಲಿದ್ದವು, ಸರಿ ಮಾಡಿದೆ. ಲೆಫ್ಟ್ ಬ್ಯಾಕ್ ಒಬ್ಬನ ಹೆಸರನ್ನು ಒಂದು ಪೇಪರ್ ಒಂದು ಥರ ಬರೆದಿದೆ, ಇನ್ನೊಂದು ಇನ್ನೊಂದು ಥರ. ಪಾಪ, ಎರಡು ವರ್ಷದಿಂದ ಒಬ್ಬನೇ ಎರಡು ಸಾಲಿನಲ್ಲಿ ಆಡುತ್ತಿದ್ದ. ಸೇರಿಸಿ ಒಂದು ಮಾಡಿದೆ. ಸಣ್ಣ ಖುಷಿ.

ಪ್ರಾಬಬಿಲಿಟಿ ಕ್ಲಾಸ್ ಬಿಟ್ಟೆ. ಅಟೆಂಡೆನ್ಸ್ ಶಾರ್ಟೇಜ್ ಇರುವವರ ಹೆಸರು ಬೋರ್ಡಿಗೆ ಹಾಕಿದ್ದಾರಂತೆ. ಆ ಕಾರಿಡಾರಿನಲ್ಲೇ ನಡೆಯುತ್ತಿಲ್ಲ ಈಗ. ಸ್ಟ್ಯಾಟಿಸ್ಟಿಕ್ಸ್ ಕ್ಲಾಸ್ ಬಿಟ್ಟು ಕೆಫೆಯಲ್ಲಿ ಕೂತು ಸ್ಟ್ಯಾಟಿಸ್ಟಿಕ್ಸ್ ಮಾಡುವ ಫಸ್ಟ್ ಇಯರ್ ಹುಡುಗಿ — ಯಾರಿಗೂ ಹೇಳುವ ಹಾಗಿಲ್ಲ.

ಅಮ್ಮನಿಗೆ ಈ ಕೆಲಸದ ವಿಷಯ ಹೇಳಿದ್ದೇ ತಪ್ಪಾಯಿತು. ಕೊಚ್ಚಿಯಿಂದ ಫೋನ್.

"ಪ್ರತೀ, ಎಂತ ಮಾರಾಯ್ತಿ, ಆಟ ಮುಗಿದು ಎರಡು ವರ್ಷ ಆಯ್ತು. ಈಗ ಎಂತ ಲೆಕ್ಕ?"

"ನ್ಯಾಷನಲ್ ಲೀಗಿಂದು ಅಮ್ಮಾ. ಯಾರು ಎಷ್ಟು ಮ್ಯಾಚ್ ಆಡಿದ್ರು, ಎಷ್ಟು ಗೋಲು. ಮುಂದಿನ ವರ್ಷ ಲೀಗಿನ ಹೆಸರೇ ಬದಲಾಗ್ತದಂತೆ. ಅದಕ್ಕೆ ಮೊದಲು ಹಳೇದೆಲ್ಲ ಸರಿ ಮಾಡಿ ಸೈಟಿಗೆ ಹಾಕ್ಬೇಕು."

"ಅದು ಮಾಡುವ ಮನುಷ್ಯ ಯಾರು?"

"ಉಮಾಮಹೇಶ್ವರ ಸರ್. ಬೆಂಗಳೂರಿನವರು, ಇಲ್ಲಿ ಟೆಕ್ನೋಪಾರ್ಕಲ್ಲಿ. ಹೆಂಡತಿ ಮಕ್ಕಳು ಇದ್ದಾರೆ ಅಮ್ಮಾ!"

ಅಮ್ಮ ನಿಧಾನಕ್ಕೆ — "ಅದರಲ್ಲಿ ನಿನ್ನ ಅಣ್ಣ ಉಂಟಾ?"

ಉಂಟು. ವೇಣಾಡ್ ಎಫ್.ಸಿ., 2004–05, ಹತ್ತೊಂಬತ್ತನೇ ಸಾಲು. ವಿಶ್ವಾಸ್ ಆರ್. ಆಡಿದ್ದು 0(1). ಗೋಲು 0. ಮೊದಲ ಸೊನ್ನೆ ಅಂದರೆ ಶುರುವಿನಿಂದ ಆಡಿದ ಮ್ಯಾಚ್ ಒಂದೂ ಇಲ್ಲ. ಬ್ರ್ಯಾಕೆಟ್ಟಿನ ಒಂದು ಅಂದರೆ ಸಬ್ಸ್ಟಿಟ್ಯೂಟ್ ಆಗಿ ಒಮ್ಮೆ. ಕಳೆದ ವರ್ಷ ಸುಮ್ಮನೆ ಅವನ ಹೆಸರು ಸರ್ಚ್ ಮಾಡಿದ್ದೆ. ಇಡೀ ಇಂಟರ್‌ನೆಟ್ಟಿನಲ್ಲಿ ಈ ಒಂದು ಸಾಲು ಬಂತು. ಹಾಗೇ ಉಮಾ ಸರ್‌ಗೆ ಮೇಲ್ ಮಾಡಿ ಈ ಕೆಲಸಕ್ಕೆ ಸೇರಿದ್ದು. ಅವನ ತಂಗಿ ಅಂತ ಹೇಳಿಲ್ಲ.


ಜನವರಿ 12

ರೂಮ್‌ಮೇಟ್ ಜಾಯ್ಸ್ ನನ್ನ ಭುಜದ ಮೇಲಿಂದ ಈ ಡೈರಿಯ ಅಕ್ಷರ ಇಣುಕಿ ನೋಡಿದಳು. "ಎಂದಾಡೀ ಇದು, ಜಿಲೇಬಿ?" "ನಿಮ್ಮ ಮಲಯಾಳಂ ಏನು, ಇಡಿಯಪ್ಪವಾ?" ಅಂದೆ. ತಲೆದಿಂಬು ಎಸೆದಳು. ಕನ್ನಡದಲ್ಲಿ ಬರೆಯುವುದು ಇದಕ್ಕೇ. ಹಾಸ್ಟೆಲಿನಲ್ಲಿ ಬೀಗಕ್ಕಿಂತ ಗಟ್ಟಿ. ಮೈಸೂರಿನ ಬೋರ್ಡಿಂಗ್ ಸ್ಕೂಲಿನಲ್ಲಿ ಕಲಿತ ಸೆಕೆಂಡ್ ಲ್ಯಾಂಗ್ವೇಜ್ ಇಷ್ಟಾದರೂ ಕೆಲಸಕ್ಕೆ ಬಂತು.

ಆಶಿಶ್ ಅನ್ನುವವನ ಮೇಲ್ ಬಂದಿದೆ. ವೇಣಾಡಿನ ಸ್ಟಾಪರ್, ಅಂದರೆ ನಡುವಿನ ಡಿಫೆಂಡರ್ ಆಗಿದ್ದನಂತೆ. ಕಳೆದ ವಾರ ಅವನ ಒಂದು ಗೋಲು ತೆಗೆದಿದ್ದೆ. ವಿಡಿಯೋದಲ್ಲಿ ಸ್ಪಷ್ಟ, ಎದುರು ಟೀಮಿನವನ ಮೊಣಕಾಲಿಗೆ ತಾಗಿ ಒಳಗೆ ಹೋಗಿದ್ದು. ಓನ್ ಗೋಲ್, ಇವನ ಲೆಕ್ಕಕ್ಕಿಲ್ಲ. "ಮೇಡಂ, ಲೀಗಿನಲ್ಲಿ ನನಗಿದ್ದದ್ದು ಅದೊಂದೇ" ಅಂತ ಬರೆದಿದ್ದಾನೆ. ಮೇಡಂ ಅಂತೆ. ಉತ್ತರ ಬರೆದೆ: ರೆಕಾರ್ಡ್ ರೆಕಾರ್ಡೇ, ಸಾರಿ.

ಇನ್ನೊಂದು. ರಿಸರ್ವ್ ಗೋಲ್‌ಕೀಪರ್ ಒಬ್ಬನ ಹೆಸರಿನ ಮುಂದೆ ಇದ್ದ ಒಂದು ಮ್ಯಾಚ್ ಬೇರೆಯವನದು ಅಂತ ತಿಳಿಯಿತು. ಅವನದು 0(0) ಆಯಿತು. ನಮ್ಮಲ್ಲಿ 0(0)ಗೆ ಸಾಲು ಇಲ್ಲ, ಆಡಿದವರ ಪಟ್ಟಿ ಮಾತ್ರ. ಡಿಲೀಟ್. ಸೀಸನ್ ಪೂರ್ತಿ ಟ್ರೈನಿನಲ್ಲಿ ಕೂತು ದೇಶ ಸುತ್ತಿರಬಹುದು ಅವನು. ಆದರೂ ರೂಲ್ ಇಷ್ಟೇ.

ಉಮಾ ಸರ್ ಫೋನಿನಲ್ಲಿ, "ಏನಮ್ಮಾ, ಕಸಾಯಿ ಥರ ಕೆಲಸ ಮಾಡ್ತಿದೀಯ! ಗುಡ್, ಗುಡ್."

ಎರಡು ದಿನಕ್ಕಾಗುವಷ್ಟು ಹೊಟ್ಟೆ ತುಂಬಿತು.


ಜನವರಿ 20, ಶನಿವಾರ
ಕೊಚ್ಚಿ

ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ವಾರ್ಟರ್ಸ್. ಅಪ್ಪ ಕಸ್ಟಮ್ಸ್ ಆಫೀಸಿನಿಂದ ಇಬ್ಬರನ್ನು ಕರೆದುಕೊಂಡು ಬಂದಿದ್ದರು. ಮಾರ್ಚಿನಲ್ಲಿ ಅಣ್ಣನ ಹುಟ್ಟಿದಹಬ್ಬದ ದಿನ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್‌ಬಾಲ್ ಟೂರ್ನಮೆಂಟ್ ಮಾಡುತ್ತಾರಂತೆ. ವಿಶ್ವಾಸ್ ಮೆಮೋರಿಯಲ್. ಬ್ಯಾನರಿನಲ್ಲಿ 'ಮಾಜಿ ನ್ಯಾಷನಲ್ ಲೀಗ್ ಆಟಗಾರ' ಅಂತ ಬರಬೇಕು. ನನಗೆ ಆರ್ಡರ್ ಆಯಿತು — ಸೈಟಿನಿಂದ ಆ ಪೇಜನ್ನು ಕಲರ್ ಪ್ರಿಂಟ್ ತೆಗೆದು ತರಬೇಕು, ಫ್ರೇಮ್ ಹಾಕಿಸಲಿಕ್ಕೆ.

ಬಂದವರ ಮುಂದೆ ಅಪ್ಪ ಮತ್ತೆ ಅದೇ ಕಥೆ. ಚಹಾ ಕಪ್ಪನ್ನು ಟೀಪಾಯಿಯ ಮೇಲೆ ಸರಿಸಿ ತೋರಿಸುತ್ತಾ. "ಇದು ಲೈನು. ಇಲ್ಲಿಂದ ಒಳಗೆ ಹೋದ. ಹೋದವನೇ ಬಾಲ್ ತಕೊಂಡು ಬಲಗಡೆಗೆ ಒಂದು ಪಾಸು, ನೋಡಿ, ಹೀಗೆ... ಒಂದೇ ಮಿನಿಟು ಸ್ವಾಮಿ. ಆದ್ರೆ ಆ ಪಾಸು!"

ಅಮ್ಮ ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವರು ಹೋದ ಮೇಲೆ ಅಡುಗೆಮನೆಯಲ್ಲಿ:

"ನಿನ್ನಪ್ಪ ಅವತ್ತು ಟ್ರೈನಿಗೆ ನನ್ನನ್ನೂ ಕರೆದ್ರು. ಪಕ್ಕದ ಕ್ವಾರ್ಟರ್ಸಿನ ಶಾಂತಾ ಮಗಳ ಮನೆ ಒಕ್ಕಲು ಇತ್ತು. ಮುಂದಿನ ಮ್ಯಾಚಿಗೆ ಬರ್ತೇನೆ ಅಂದೆ ನಾನು. ಮುಂದಿನ ಮ್ಯಾಚಿಗೆ! ಯಾರದೋ ಮನೆಯಲ್ಲಿ ಹೋಳಿಗೆ ಬಡಿಸ್ತಾ ಇದ್ದೆ ನೋಡು. ಅವ ಆಡಿದ್ದು ಒಂದು ಮಿನಿಟು, ಅದನ್ನೂ ನೋಡ್ಲಿಲ್ಲ."

ಪ್ರತಿ ಸಲ ಇದನ್ನೇ ಹೇಳುತ್ತಾಳೆ, ಹೊಸದಾಗಿ ಹೇಳುವ ಹಾಗೆ. ಆಸ್ಪತ್ರೆಯ ಹದಿನೈದು ದಿನ, ಇಲಿಜ್ವರ, ಡಯಾಲಿಸಿಸ್ — ಅದರ ಮಾತೇ ಇಲ್ಲ. ಮಳೆಗಾಲದಲ್ಲಿ ನೀರು ನಿಂತ ಗ್ರೌಂಡಿನಲ್ಲಿ ಕಾಲಿನ ಗಾಯ ಕಟ್ಟಿಕೊಳ್ಳದೆ ಪ್ರಾಕ್ಟೀಸ್ ಮಾಡಿದ್ದನಲ್ಲ ಅಂತ ಬೈಯುವುದೂ ಇಲ್ಲ. ಆ ಒಂದು ಮಿನಿಟಿನ ಮೇಲೆಯೇ ಅಳು.


ಜನವರಿ 29

ಉಮಾ ಸರ್ ಮೇಲ್. ಮಾರ್ಚ್ ಒಂದಕ್ಕೆ ಫೈನಲ್ ಅಪ್‌ಲೋಡ್. ಅದಕ್ಕೆ ಮೊದಲು ಒಂದೇ ಪೇಪರನ್ನು ನಂಬಿ ಹಾಕಿದ ಎಂಟ್ರಿಗಳಿಗೆಲ್ಲ ಎರಡನೇ ಸಾಕ್ಷಿ ಬೇಕು. ಆಡಿದವರನ್ನೇ ಹುಡುಕಿ ಕೇಳಿ ಅಂದಿದ್ದಾರೆ. ಕೇರಳದ ಟೀಮುಗಳು ನನ್ನ ಪಾಲಿಗೆ.

ಅಟ್ಯಾಚ್‌ಮೆಂಟ್ ತೆರೆದೆ. ಹಳದಿ ಬಣ್ಣ ಹಚ್ಚಿದ ಸಾಲುಗಳು. ಹತ್ತೊಂಬತ್ತನೆಯದೂ, ಅಣ್ಣನದು, ಹಳದಿ.

ಭಯ ಯಾಕೆ? ಅಪ್ಪ ಕಣ್ಣಾರೆ ನೋಡಿದ್ದಾರೆ. ಆದರೆ ಮನೆಯವರ ಸಾಕ್ಷಿ ನಡೆಯುವುದಿಲ್ಲ, ಅದೂ ರೂಲ್. ಅವತ್ತು ಅಣ್ಣ ಯಾರ ಬದಲಿಗೆ ಹೋದನೋ ಅವರನ್ನೇ ಕೇಳಿದರೆ ಆಯಿತು. ಇರ್ಫಾನ್, ರೈಟ್ ವಿಂಗ್, ಕಾಸರಗೋಡು. ಈಗ ಇಲ್ಲೇ ವಿಳಿಂಜಂ ಹಾರ್ಬರಿನ ಐಸ್ ಫ್ಯಾಕ್ಟರಿಯಲ್ಲಿ ಕೆಲಸ, ಸಂಜೆ ಮಕ್ಕಳಿಗೆ ಕೋಚಿಂಗ್. ನಂಬರ್ ಸಿಕ್ಕಿತು.


ಫೆಬ್ರವರಿ 3, ಶನಿವಾರ

ಬಸ್ಸಿನಲ್ಲಿ ಬಂದ ಕೂಡಲೇ ಬರೆಯುತ್ತಿದ್ದೇನೆ. ಒಂದೂ ಬಿಡದೆ ಬರೆಯಬೇಕು.

ಹಾರ್ಬರಿನ ಮೇಲಿನ ಮೈದಾನ. ಹುಲ್ಲಿಲ್ಲ, ಮರಳು. ಒಂದು ಕಡೆ ಗೋಲ್‌ಪೋಸ್ಟಿಗೆ ಬಲೆ ಒಣಗಲು ಹಾಕಿದ್ದರು. ಇರ್ಫಾನ್‌ಕ (ಇಲ್ಲಿ ‘ಕ’ ಅಂದರೆ ಅಣ್ಣ) ನನ್ನನ್ನು ದೂರದಿಂದಲೇ ನೋಡಿ ವಿಸಿಲ್ ಊದಿದರು.

"ಎಂತ ಮೋಳೇ, ನಮ್ಮ ವಿಶ್ವನ ತಂಗಿಯಲ್ವಾ? ಹೇಳ್ಬೇಡ. ಅದೇ ಮೂಗು! ಅವನ ಮೂಗು ಮಾತ್ರ ಆಫ್‌ಸೈಡ್ ಆಗ್ತಿತ್ತು, ಅವ ಆಗ್ತಿರ್ಲಿಲ್ಲ."

ನಕ್ಕೆ. ತುಂಬಾ ದಿನದ ಮೇಲೆ ಅಣ್ಣನ ವಿಷಯದಲ್ಲಿ ನಕ್ಕಿದ್ದು. ಸುಲೈಮಾನಿ ಚಹಾ ತರಿಸಿದರು. ಮೊದಲು ಬೇರೆ ಎಂಟ್ರಿಗಳನ್ನು ಕೇಳಿದೆ.

"ಒಂಬತ್ತನೇ ರೌಂಡಿನಲ್ಲಿ ಯೆಲ್ಲೋ ಕಾರ್ಡ್ ನಿಮಗೇನಾ?"

"ನನಗೇ. ರೆಫರಿಗೆ ಕನ್ನಡದಲ್ಲಿ ಬೈದೆ. ಇಲ್ಲಿ ಯಾರಿಗೆ ಗೊತ್ತಾಗ್ತದೆ ಅಂತ. ಅವ ಹುಬ್ಬಳ್ಳಿಯವ ಮಾರಾಯ್ತಿ! 'ಏನಂದೀ ಮಗನ' ಅಂತ ಹೇಳಿ ಕಾರ್ಡ್ ತೆಗೆದ."

ಆಮೇಲೆ ಕೇಳಿದೆ. ಹದಿನೇಳನೇ ರೌಂಡ್. 89ನೇ ನಿಮಿಷ. ನೀವು ಹೊರಗೆ, ಅಣ್ಣ ಒಳಗೆ.

ನಗುತ್ತಲೇ ಇದ್ದರು. "ಅಯ್ಯೋ, ಅದನ್ನು ಕೇಳ್ಬೇಡ. ಡ್ರೆಸ್ಸಿಂಗ್ ರೂಮಿನಲ್ಲಿ ಎಷ್ಟು ತಮಾಷೆ ಮಾಡಿದ್ದೇವೆ ಅವನಿಗೆ. ಸಬ್ಸ್ಟಿಟ್ಯೂಷನ್ ಬೋರ್ಡ್ ಎತ್ತಿ ಆಯ್ತು, ನನ್ನ ನಂಬರ್ ಕೆಂಪು, ಅವನದ್ದು ಹಸಿರು. ಅವ ಲೈನಿನಲ್ಲಿ ನಿಂತು ಹಾರ್ತಾ ಇದ್ದಾನೆ, ಕುಪ್ಪಳಿಸ್ತಾ ಇದ್ದಾನೆ. ಬಾಲ್ ಹೊರಗೆ ಹೋದ್ರೆ ಅಲ್ವಾ ರೆಫರಿ ಒಳಗೆ ಬಿಡುವುದು? ಹೋಗ್ಲೇ ಇಲ್ಲ. ಒಂದು ಥ್ರೋ ಇಲ್ಲ, ಒಂದು ಫೌಲ್ ಇಲ್ಲ. ನನ್ನ ಕಾಲಿಗೇ ಬಂತು ಒಮ್ಮೆ. ಒಂದು ಗೋಲು ಹಿಂದೆ ಇದ್ದೆವು, ಯಾರು ಹೊರಗೆ ಹೊಡೀತಾರೆ? ಲಾಂಗ್ ವಿಸಿಲ್ ಆಯ್ತು. ಆಮೇಲೆ ಬಂದ ಅವ ಒಳಗೆ, ಎಲ್ಲರ ಕೈ ಕುಲುಕ್ಲಿಕ್ಕೆ. ಜರ್ಸಿ ಒಗೆದ ಹಾಗೆ ಇತ್ತು, ಒಂದು ಚೂರು ಮಣ್ಣಿಲ್ಲ. ನಾವೆಲ್ಲ..."

ಆಗ ನನ್ನ ಮುಖ ನೋಡಿದರು.

"ನಿನಗೆ ಗೊತ್ತಿರ್ಲಿಲ್ವಾ?"

ಪೇಪರಿನಲ್ಲಿ ಬಂದಿತ್ತಲ್ಲ ಅಂದೆ.

"ಪೇಪರಿನವ ಬೋರ್ಡ್ ನೋಡಿ ಬರ್ಕೊಂಡು ಎದ್ದು ಹೋಗಿರ್ತಾನೆ, ಬಸ್ಸಿಗೆ." ಕ್ಯಾಪ್ ತೆಗೆದರು, ಮತ್ತೆ ಹಾಕಿಕೊಂಡರು. "ಮೋಳೇ, ನೀನು ಬರ್ಕೊ. ಆಡಿದ ಅಂತ ಇರ್ಫಾನ್ ಹೇಳಿದ ಅಂತ ಬರ್ಕೊ. ಯಾರಿಗೆ ಎಂತ ನಷ್ಟ?"

ಬರೆದುಕೊಳ್ಳಲಿಲ್ಲ. ಅವರ ಹುಡುಗರು ಬಾಲನ್ನು ಬಲೆಗೆ ಹೊಡೆದು ಬೈಸಿಕೊಳ್ಳುತ್ತಿದ್ದರು.

ಬಸ್ಸು ಹತ್ತಿ ಕೂತ ಮೇಲೆ ಹೊಳೆಯಿತು. ಅಪ್ಪ ಅಲ್ಲೇ ಇದ್ದರಲ್ಲ. ಹಾಗಾದರೆ ಆ ಪಾಸು?


ಫೆಬ್ರವರಿ 4

ಇಲ್ಲ. ಆಗುವುದಿಲ್ಲ ಇವತ್ತು.


ಫೆಬ್ರವರಿ 15

ಇಂಟರ್ನಲ್ಸ್ ಮುಗಿಯಿತು. ಹೇಗೋ. ಸ್ಟ್ಯಾಂಡರ್ಡ್ ಡೀವಿಯೇಷನ್ ಬರೆಯುವಾಗ ಒಂದೇ ಲೆಕ್ಕವನ್ನು ಮೂರು ಸಲ ಹೊಡೆದು ಹಾಕಿದೆ. ಇನ್ವಿಜಿಲೇಟರ್ ಬಂದು ಇನ್ನೊಂದು ಹಾಳೆ ಕೊಟ್ಟರು.

ಒಂದು ನೆನಪಾಗುತ್ತಿದೆ. ಆ ಮ್ಯಾಚಿನ ಮರುದಿನ ಭಾನುವಾರ. ಮೈಸೂರು ಹಾಸ್ಟೆಲಿನಲ್ಲಿ ಫೋನಿನ ಕ್ಯೂ, ವಾರ್ಡನ್ ವಾಚ್ ನೋಡುತ್ತಾ ನಿಂತಿದ್ದರು. ನಾನು ಕಿರುಚಿದ್ದೆ, "ಅಣ್ಣಾ, ಆಡಿದೆಯಂತೆ!" ಆ ಕಡೆಯಿಂದ — "ಬಿಡು ಮಾರಾಯ್ತಿ, ಅದೆಂತ ಆಟ. ನಿನ್ನ ಎಕ್ಸಾಮ್ ಯಾವಾಗ?" ಅವನು ದೊಡ್ಡವನಾಗಿದ್ದಾನೆ, ಜಂಬ ಇಲ್ಲ ಅಂದುಕೊಂಡೆ. ಕ್ಲಾಸಿಗೆಲ್ಲ ಹಾಗೇ ಹೇಳಿದ್ದೆ.

ಇವತ್ತು ಉಮಾ ಸರ್‌ಗೆ ಎಲ್ಲ ಹೇಳಿದೆ. ತಂಪಾನೂರಿನ ಕಾಫಿ ಹೌಸ್. ತಂಗಿ ಅಂತಲೂ ಹೇಳಿದೆ. ಅವರು ಕಟ್‌ಲೆಟ್ಟನ್ನು ಫೋರ್ಕಿನಿಂದ ಚೂರು ಚೂರು ಮಾಡುತ್ತಾ ಕೂತರು, ತಿನ್ನಲಿಲ್ಲ.

"ಫಸ್ಟೇ ಯಾಕಮ್ಮ ಹೇಳ್ಲಿಲ್ಲ? ಆ ಶೀಟ್ ನಿನ್ ಕೈಗೆ ಕೊಡ್ತಾನೇ ಇರ್ಲಿಲ್ಲ."

"ಈಗ ಏನ್ ಮಾಡ್ಲಿ ಸರ್?"

"ನೋಡು. ವೇಣಾಡ್ ಶೀಟ್ ನೀನು ಹೇಗ್ ಕಳಿಸ್ತೀಯೋ ಹಾಗೇ ಹಾಕ್ತೀನಿ. ತೆಗೆದೂ ನೋಡಲ್ಲ. ಆಯ್ತಾ?"

ಬೈದಿದ್ದರೆ ಚೆನ್ನಾಗಿತ್ತು. ರೂಲ್ ಅಂದರೆ ರೂಲ್ ಅಂದಿದ್ದರೆ ಅತ್ತು ಡಿಲೀಟ್ ಮಾಡಿ ಮುಗಿಸುತ್ತಿದ್ದೆ. ಈಗ ನನ್ನ ಕೈಯಲ್ಲೇ ಇದೆ. ಸೊನ್ನೆ ಅಂತ ಬರೆದರೆ ಸೊನ್ನೆಯೂ ಉಳಿಯುವುದಿಲ್ಲ, ಸಾಲೇ ಹೋಗುತ್ತದೆ. ಹೆಸರೇ ಹೋಗುತ್ತದೆ. ಬರೆಯದಿದ್ದರೆ... ಆಶಿಶ್‌ಗೆ ನಾನು ಬರೆದ ಮೇಲ್ ಸೆಂಟ್ ಐಟಮ್ಸ್‌ನಲ್ಲಿದೆ. ಎರಡು ಪದ ಮತ್ತು ಸಾರಿ.


ಫೆಬ್ರವರಿ 24, ಶನಿವಾರ
ಕೊಚ್ಚಿ

ಟ್ರೋಫಿ ನೋಡಲು ಅಪ್ಪನ ಜೊತೆ ಬೋಟಿನಲ್ಲಿ ಫೋರ್ಟ್ ಕೊಚ್ಚಿಗೆ ಹೊರಟೆ. ಬಿಸಿಲು. ಬೋಟು ಅರ್ಧ ಖಾಲಿ. ಜೆಟ್ಟಿ ಬಿಟ್ಟ ಮೇಲೆ ಕೇಳಿದೆ.

"ಅಪ್ಪಾ, ಅಣ್ಣ ಒಳಗೆ ಹೋಗ್ಲಿಲ್ಲ ಅಲ್ವಾ?"

ಯಾರು ಹೇಳಿದರು ಅಂತ ಕೇಳಲಿಲ್ಲ. ಕನ್ನಡಕ ತೆಗೆದು ಷರ್ಟಿನ ತುದಿಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ನಾನು ಅಲ್ಲೇ ಇದ್ದೆ ಅಲ್ವಾ" ಅಂದರು.

ಬೋಟಿನ ಎಂಜಿನ್ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. ಮ್ಯಾಚಿನ ಮರುದಿನ ಬೆಳಿಗ್ಗೆ ಅಣ್ಣ ಆಡಿದ ಅಂತ ಪೇಪರಿನಲ್ಲಿ ಬಂತಂತೆ. ಅಮ್ಮ ನೋಡಿ ಪಾಯಸ ಮಾಡಿದ್ದಳಂತೆ. ಮಧ್ಯಾಹ್ನ ಅಣ್ಣ ಬ್ಯಾಗ್ ಹಿಡಿದುಕೊಂಡು ಬಾಗಿಲಿಗೆ ಬಂದ.

"ನಿನ್ನಮ್ಮ ಕೇಳಿದ್ಳು, ಹೇಗೆ ಆಡಿದೆ ಮಗಾ ಅಂತ. ಅವ ನನ್ನ ಮುಖ ನೋಡಿದ. ಆ ಮುಖ ನೀನು ನೋಡ್ಬೇಕಿತ್ತು ಪ್ರತೀ... ಅವ ಬಾಯಿ ತೆರೆಯುವ ಮೊದಲು ನಾನೇ ಹೇಳಿಬಿಟ್ಟೆ. ಒಳ್ಳೆ ಪಾಸ್ ಕೊಟ್ಟ ಅಂತ."

"ಆಮೇಲೆ?"

"ಆಮೇಲೆ ಎಂತ? ಇನ್ನು ಐದು ಮ್ಯಾಚ್ ಇತ್ತು. ಒಂದರಲ್ಲಿ ಆಡಿಯೇ ಆಡ್ತಾನೆ, ಆಗ ಇದು ಎಂತ ಲೆಕ್ಕ ಅಂದುಕೊಂಡೆವು. ಒಬ್ಬರಿಗೊಬ್ಬರು ಹೇಳ್ಕೊಳ್ಲಿಲ್ಲ ಹಾಂ. ಸುಮ್ನೆ ಅಂದುಕೊಂಡದ್ದು. ಮತ್ತೆ ಟೀಮೇ ಮುಚ್ಚಿದ್ರು. ಮತ್ತೆ ಜ್ವರ."

"ಅಮ್ಮ ನೋಡ್ಲಿಲ್ಲ ಅಂತ ಅಳ್ತಾಳೆ ಅಪ್ಪಾ. ಎರಡು ವರ್ಷದಿಂದ. ಇಲ್ಲದ್ದಕ್ಕೆ."

"ಗೊತ್ತುಂಟು ನನಗೆ."

"ಹೇಳಿದ್ರೆ ಅಳುವುದು ನಿಲ್ಲಬಹುದಲ್ವಾ? ತಪ್ಪಿಸ್ಕೊಂಡದ್ದು ಏನೂ ಇಲ್ಲ ಅಂತ ಗೊತ್ತಾದ್ರೆ?"

ಅಪ್ಪ ಫೋರ್ಟ್ ಕೊಚ್ಚಿ ಬಂದಾಗ ಮೊದಲು ಎದ್ದರು. "ನನಗೆ ಧೈರ್ಯ ಇಲ್ಲ. ನಿನ್ನ ರೂಲ್ ಎಂತ ಉಂಟೋ ನೀನು ಮಾಡು."

ಟ್ರೋಫಿ ಅಂಗಡಿಯಲ್ಲಿ ಹುಡುಗ, ಹೆಸರಿನ ಕೆಳಗೆ ಏನು ಕೆತ್ತಬೇಕು ಅಂದ. ಅಪ್ಪ ನನ್ನ ಕಡೆ ನೋಡಿದರು. ಹೆಸರು ಸಾಕು ಅಂದೆ. ಹೆಸರು ಸಾಕು, ಅಂದರು ಅಪ್ಪ.


ಫೆಬ್ರವರಿ 25, ಭಾನುವಾರ

ಹೇಳಿದೆ.

ಬೆಳಿಗ್ಗೆ ಅಮ್ಮ ಹಿತ್ತಲ ಕಟ್ಟೆಯಲ್ಲಿ ಬೂತಾಯಿ ಮೀನು ಕ್ಲೀನ್ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತೆ. ಅಪ್ಪ ಒಳಗೆ ಪೇಪರ್ ಓದುತ್ತಿದ್ದರು, ಅಂದರೆ ಪುಟ ತಿರುಗಿಸುವ ಸದ್ದು ನಿಂತಿತ್ತು. ರಿಹರ್ಸಲ್ ಮಾಡಿಕೊಂಡಿದ್ದೆ. ಅಮ್ಮಾ, ನೀನು ಏನೂ ಮಿಸ್ ಮಾಡ್ಲಿಲ್ಲ. ಅವ ಲೈನಿನ ಹತ್ತಿರ ನಿಂತಿದ್ದ, ಬಾಲ್ ಹೊರಗೆ ಹೋಗ್ಲಿಲ್ಲ, ಮ್ಯಾಚ್ ಮುಗೀತು. ಪೇಪರಿನವರದ್ದು ತಪ್ಪು. ಆ ಮಿನಿಟು ಇರ್ಲೇ ಇಲ್ಲ ಅಮ್ಮಾ. ನೀನು ಹೋಗಿದ್ರೂ ನೋಡ್ಲಿಕ್ಕೆ ಏನೂ ಇರ್ಲಿಲ್ಲ.

ಅವಳ ಮುಖ ಹಗುರ ಆಗುತ್ತದೆ ಅಂತ ಕಾದೆ. ನಿಜವಾಗಿ ಕಾದೆ. ಒಂದು ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅಂತ ಅಂದುಕೊಂಡಿದ್ದೆ ನಾನು.

ಕೈಯಲ್ಲಿದ್ದ ಮೀನನ್ನು ಪಾತ್ರೆಗೆ ಹಾಕಿದಳು. ಇನ್ನೊಂದು ತೆಗೆದುಕೊಳ್ಳಲಿಲ್ಲ.

"ಅದೂ ಇಲ್ವಾ?" ಅಂದಳು.

ಅಷ್ಟೇ. ಅಳಲಿಲ್ಲ. ಕಾಗೆ ಬಂದು ಕಟ್ಟೆಯ ತುದಿಯಲ್ಲಿ ಕೂತರೂ ಓಡಿಸಲಿಲ್ಲ. ನಾನೇ ಓಡಿಸಿದೆ.

ಮಧ್ಯಾಹ್ನದ ಟ್ರೈನಿಗೆ ಹೊರಡುವಾಗ ಎಂದಿನಂತೆ ಉಪ್ಪಿನಕಾಯಿ ಕಟ್ಟಿಕೊಟ್ಟಳು.


ಫೆಬ್ರವರಿ 28, ಬುಧವಾರ
ಕೆಫೆ, ಬೆಳಿಗ್ಗೆ

ಕಳಿಸಿದೆ. ಹತ್ತೊಂಬತ್ತನೇ ಸಾಲು ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದೆ. ಇಪ್ಪತ್ತನೆಯವನು ಮೇಲೆ ಬಂದು ಹತ್ತೊಂಬತ್ತಾದ. ಯಾವುದೋ ಮಿಜೋರಾಂ ಹುಡುಗ, 3(2). ಎಕ್ಸೆಲ್ಲಿಗೆ ಏನೂ ಅನ್ನಿಸುವುದಿಲ್ಲ, ಜಾಗ ತುಂಬಿಕೊಳ್ಳುತ್ತದೆ.

ಆಶಿಶ್‌ಗೆ ಇನ್ನೊಂದು ಮೇಲ್ ಬರೆಯಲು ಕೂತೆ. ಏನು ಬರೆಯಲಿ? ಕ್ಲೋಸ್ ಮಾಡಿದೆ.


ಅದೇ ದಿನ, ಸಂಜೆ

ಅಮ್ಮನ ಫೋನ್. ಭಾನುವಾರದ ಮೇಲೆ ಮೊದಲ ಸಲ. ಊಟ ಆಯ್ತಾ, ಹಾಸ್ಟೆಲಿನಲ್ಲಿ ಎಂತ ಪದಾರ್ಥ, ತಲೆಗೆ ಎಣ್ಣೆ ಹಾಕಿದ್ಯಾ. ಎಲ್ಲ ಕೇಳಿದಳು. ಡಿಲೀಟ್ ಮಾಡಿದ್ದನ್ನು ಹೇಳಿದೆ. ಹೂಂ ಅಂದಳು. ಇಡುತ್ತಾಳೆ ಅಂದುಕೊಂಡೆ. ಇಡಲಿಲ್ಲ.

"ಪ್ರತೀ, ಅವ ಗೆರೆಯ ಹತ್ತಿರ ನಿಂತಿದ್ದ ಅಂದ್ಯಲ್ಲ."

"ಹೂಂ."

"ಬರೇ ನಿಂತಿದ್ನಾ?"

"ಹಾರ್ತಾ ಇದ್ನಂತೆ. ಕುಪ್ಪಳಿಸ್ತಾ ಇದ್ನಂತೆ. ವಾರ್ಮಪ್."

"ಟೀವಿಯಲ್ಲಿ ತೋರಿಸ್ತಾರಲ್ಲ, ಹಾಗೆ ಅವನ ನಂಬರು ಹಸಿರು ಲೈಟಿನಲ್ಲಿ ಬಂದಿತ್ತಾ?"

"ಬಂದಿತ್ತು ಅಮ್ಮಾ."

"ಎಲ್ಲರಿಗೂ ಕಾಣ್ತಿತ್ತಾ ಅವ? ಜನರಿಗೆ?"

"ಕಾಣ್ತಿತ್ತು."

"ಎಷ್ಟು ಹೊತ್ತು ನಿಂತಿದ್ದ?"

ಗೊತ್ತಿಲ್ಲ. ಕೇಳಿ ಹೇಳುತ್ತೇನೆ ಅಂದೆ. ಯಾರನ್ನು ಕೇಳಲಿ? ಅದಕ್ಕೆ ಕಾಲಂ ಇಲ್ಲ, ಯಾವ ಪೇಪರಿನಲ್ಲೂ ಬಂದಿರುವುದಿಲ್ಲ. ಇರ್ಫಾನ್‌ಕ ಆಡುತ್ತಿದ್ದರು, ಅವರಿಗೆ ಬಾಲ್ ಮೇಲೆ ಕಣ್ಣು. ಇಡೀ ಸ್ಟೇಡಿಯಮ್ಮಿಗೆ ಬಾಲ್ ಮೇಲೆಯೇ ಕಣ್ಣು. ಅವನನ್ನೇ ನೋಡುತ್ತಾ ಕೂತಿದ್ದವರು ಒಬ್ಬರೇ. ಅಪ್ಪನಿಗೆ ಫೋನ್ ಕೊಡು ಅಂದೆ. ಅಮ್ಮ ಕರೆದಳು. ಅಪ್ಪ ಬಂದರು. ಅಪ್ಪಾ, ಅಂದೆ, ಅವ ಲೈನಿನಲ್ಲಿ ಎಷ್ಟು ಹೊತ್ತು ನಿಂತಿದ್ದ?